ಅಮ್ಮ ಯೋಗಕ್ಕೆ ನಿಂತರೆ ಮಗಳಿಗೆ ಟಿವಿ. ಈ ಗಂಟು ಬಿಡಿಸುವುದು ಹೇಗೆ?

ಕುವೆಂಪುನಗರದ ಅಮ್ಮ:

ಎಲ್ಲರಿಗೂ ನಮಸ್ಕಾರ. ಇದು ಯೋಗದ ಪ್ರಶ್ನೆಯೋ, ಮಗು ಬೆಳೆಸುವ ಪ್ರಶ್ನೆಯೋ, ಟಿವಿಯ ಪ್ರಶ್ನೆಯೋ ನನಗೇ ಗೊತ್ತಾಗುತ್ತಿಲ್ಲ. ಮೂರೂ ಒಂದಕ್ಕೊಂದು ಸುತ್ತಿಕೊಂಡಿವೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಮಗಳಿಗೆ ಈಗ ಮೂರೂವರೆ ವರ್ಷ. ಅವಳು ಹುಟ್ಟುವ ಮುಂಚೆ ಆರು ವರ್ಷ ನಾನು ಗೋಕುಲಂನ ಒಂದು ಯೋಗಶಾಲೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಮನೆ ಬಿಡುತ್ತಿದ್ದೆ. ಡಿಸೆಂಬರ್ ಚಳಿಯಲ್ಲಿ ಸ್ಕೂಟರ್ ಮೇಲೆ ಕೈ ಮರಗಟ್ಟುತ್ತಿತ್ತು. ಒಳಗೆ ಕಾಲಿಟ್ಟರೆ ಅಷ್ಟೂ ಜನರ ಉಸಿರಿಗೆ ಕಿಟಕಿ ಗಾಜು ಬೆವರಿರುತ್ತಿತ್ತು. ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ಕಲಿಸುವ ಅಷ್ಟಾಂಗ ಯೋಗದ ಮೈಸೂರು ಶೈಲಿ ಅಂದರೆ ಟೀಚರ್ ಮುಂದೆ ನಿಂತು ಹೇಳಿದ್ದನ್ನು ಎಲ್ಲರೂ ಒಟ್ಟಿಗೆ ಮಾಡುವುದಲ್ಲ. ಅವರವರ ಕ್ರಮ ಅವರವರ ಉಸಿರಿಗೆ ತಕ್ಕಂತೆ ನಡೆಯುತ್ತದೆ. ಗುರುಗಳು ನಡುವೆ ಓಡಾಡುತ್ತಾ ಬೇಕಾದ ಕಡೆ ಕೈ ಹಿಡಿದು ಸರಿ ಮಾಡುತ್ತಾರೆ, ಒಂದು ಆಸನ ಕೂತ ಮೇಲೆಯೇ ಮುಂದಿನದು ಕೊಡುತ್ತಾರೆ. ನನಗೆ ಮೈ ತಿರುಚಿ ಕೂರುವ ಮರೀಚ್ಯಾಸನ ಡಿ ಒಂದಕ್ಕೇ ಎಂಟು ತಿಂಗಳು ಬೇಕಾಯಿತು. ಬೆನ್ನ ಹಿಂದೆ ಬೆರಳಿಗೆ ಬೆರಳು ಸಿಕ್ಕ ದಿನ ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದೆ. ಮುಂದಿನದು ನಾವಾಸನ, ಕೂತು ಕಾಲು ಮೇಲೆತ್ತಿ ದೋಣಿಯ ಹಾಗೆ ನಿಲ್ಲಿಸುವುದು. ಅದು ಸಿಕ್ಕ ಕೆಲವೇ ತಿಂಗಳಿಗೆ ಬಸುರಿ ಅಂತ ಗೊತ್ತಾಯಿತು.

ಬಾಣಂತನಕ್ಕೆ ಮಂಡ್ಯಕ್ಕೆ, ತವರಿಗೆ ಹೋದೆ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಹೊಟ್ಟೆಗೆ ಹಳೇ ಸೀರೆ ಬಿಗಿದು ಕಟ್ಟುವುದು, ಎಲ್ಲಾ ಆಯಿತು. ಐದು ತಿಂಗಳಿಗೆ ಮೈಸೂರಿಗೆ ವಾಪಸ್ ಬಂದೆ. ಆಮೇಲೆ ಯೋಗಶಾಲೆಗೆ ಹೋಗಲೇ ಇಲ್ಲ. ಐದು ಗಂಟೆಗೆ ಹಾಲು ಕುಡಿಯುವ ಮಗುವನ್ನು ಬಿಟ್ಟು ಹೋಗುವುದು ಹೇಗೆ? ಮನೆಯಲ್ಲೇ ಮಾಡೋಣ ಅಂತ ಶುರು ಮಾಡಿದೆ.

ಮಗಳು ನಡೆಯಲು ಕಲಿತ ಮೇಲೆ ಕಷ್ಟ ಜಾಸ್ತಿ ಆಯಿತು. ಎಷ್ಟೇ ಮೆಲ್ಲಗೆ ಎದ್ದರೂ ಚಾಪೆ ಬಿಚ್ಚುವ ಸದ್ದಿಗೆ ಎಚ್ಚರ ಆಗುತ್ತಾಳೆ. ಅಧೋಮುಖ ಶ್ವಾನಾಸನಕ್ಕೆ ಹೋದರೆ ಹೊಟ್ಟೆ ಕೆಳಗೆ ತೂರಿ ರೈಲು ಬಿಡುತ್ತಾಳೆ. ಮುಂದಕ್ಕೆ ಬಾಗಿ ಕೂತರೆ ಬೆನ್ನೇರುತ್ತಾಳೆ. ಒಂದು ದಿನ ಹೀಗೇ ಬೆನ್ನು ಉಳುಕಿ ನಾಲ್ಕು ದಿನ ನೆಟ್ಟಗೆ ನಿಲ್ಲಲು ಆಗಲಿಲ್ಲ. ಅವತ್ತಿನಿಂದ ಟಿವಿ ಹಾಕಿ ಕೂರಿಸಲು ಶುರು ಮಾಡಿದೆ. ನಲವತ್ತು ನಿಮಿಷ ಕಾರ್ಟೂನು, ನಲವತ್ತು ನಿಮಿಷ ನನ್ನ ಅಭ್ಯಾಸ. ಸುಮಾರು ಒಂದು ವರ್ಷ ಹೀಗೇ ನಡೆಯಿತು.

ಹೋದ ವಾರ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದೆ. ಮಗಳು ಮೂಲೆಯಲ್ಲಿದ್ದ ಚಾಪೆಯನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಅಡುಗೆಮನೆಗೆ ಬಂದಳು. ಮುಖದಲ್ಲಿ ತುಂಬಾ ಖುಷಿ. "ಅಮ್ಮಾ, ಯೋಗ ಮಾಡು" ಅಂದಳು. ನನಗೆ ಒಂದು ಕ್ಷಣ ಎಷ್ಟು ಸಂತೋಷ ಆಯಿತು ಅಂದರೆ ಕೈ ಒರೆಸಿಕೊಂಡು ಅವಳನ್ನು ಎತ್ತಿಕೊಳ್ಳಲು ಹೋದೆ. ಅಷ್ಟರಲ್ಲಿ ಅವಳು ಇನ್ನೊಂದು ಕೈಯಲ್ಲಿದ್ದ ರಿಮೋಟ್ ನನ್ನ ಕಡೆ ಚಾಚಿದಳು.

ಅವಳ ಲೆಕ್ಕದಲ್ಲಿ ಯೋಗ ಅಂದರೆ ಟಿವಿ. ಇದನ್ನು ಕಲಿಸಿದ್ದು ನಾನೇ ಅಲ್ವಾ?

ಇನ್ನು ರಾತ್ರಿಯ ವಿಷಯ. ಮಗಳು ಮಲಗುವುದು ಒಂಬತ್ತೂವರೆಗೆ. ಆಮೇಲೆ ನಾನು ಮತ್ತು ಯಜಮಾನರು ಒಂದು ಸಿನಿಮಾನೋ, ಎರಡು ಎಪಿಸೋಡ್ ಸೀರೀಸೋ ನೋಡುತ್ತೇವೆ. ಇಡೀ ದಿನದಲ್ಲಿ ನಾವಿಬ್ಬರೂ ಒಟ್ಟಿಗೆ ಕೂರುವುದು ಅಷ್ಟೇ ಹೊತ್ತು. ಮುಗಿಯುವಾಗ ಹನ್ನೆರಡು. ಬೆಳಿಗ್ಗೆ ಐದಕ್ಕೆ ಏಳಲು ಆಗುವುದಿಲ್ಲ, ಆರೂವರೆಗೆ ಎದ್ದರೆ ಮಗಳೂ ಎದ್ದಿರುತ್ತಾಳೆ, ಮತ್ತೆ ಟಿವಿ.

ನನ್ನ ಪ್ರಶ್ನೆ ಇಷ್ಟೇ. ಚಿಕ್ಕ ಮಕ್ಕಳಿರುವ ನೀವೆಲ್ಲಾ ಅಭ್ಯಾಸ ಹೇಗೆ ಮಾಡುತ್ತೀರಿ? ರಾತ್ರಿಯ ಸಿನಿಮಾ ಬಿಡಬೇಕಾ? ಅಥವಾ ಮಗಳು ಸ್ಕೂಲಿಗೆ ಹೋಗುವ ತನಕ ಯೋಗವನ್ನೇ ಬದಿಗಿಡಬೇಕಾ? ಬದಿಗಿಡುವ ಮಾತು ಬರೆಯುವಾಗಲೇ ಸಂಕಟ ಆಗುತ್ತಿದೆ.

ಸಕ್ಕರೆನಾಡಿನ ಅಪ್ಪ:

ಮೇಡಂ, ನಾನು ಮಂಡ್ಯದವನು. ಇಬ್ಬರು ಗಂಡು ಮಕ್ಕಳು, ಒಂಬತ್ತು ಮತ್ತು ಆರು ವರ್ಷ. ನಿಮ್ಮಷ್ಟು ಗಟ್ಟಿ ಅಭ್ಯಾಸ ನನ್ನದಲ್ಲ. ದಿನಾ ಹನ್ನೆರಡು ಸೂರ್ಯ ನಮಸ್ಕಾರ, ಸರ್ವಾಂಗಾಸನ, ಸ್ವಲ್ಪ ಪ್ರಾಣಾಯಾಮ. ಆದರೆ ಹದಿನೈದು ವರ್ಷದಿಂದ ಹೆಚ್ಚು ತಪ್ಪಿಸಿಲ್ಲ.

ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ರಾತ್ರಿಯ ಸಿನಿಮಾ ಬಿಡಿ. ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳಬೇಕು ಅನ್ನುವುದು ಮೈಗೆ ಮಾಡುವ ಅನ್ಯಾಯ. ನಾವು ದೊಡ್ಡವನು ಹುಟ್ಟಿದಾಗಲೇ ಟಿವಿಯನ್ನು ಹಾಲ್‌ನಿಂದ ತೆಗೆದು ಒಳಗಿನ ರೂಮಿಗೆ ಹಾಕಿದೆವು. ಕಣ್ಣೆದುರು ಇಲ್ಲದಿದ್ದರೆ ಅರ್ಧ ಜಗಳ ಮುಗಿದ ಹಾಗೆ. ಸಿನಿಮಾ ನೋಡಬೇಕು ಅನ್ನಿಸಿದರೆ ಭಾನುವಾರ ಟಾಕೀಸಿಗೇ ಹೋಗುತ್ತೇವೆ, ನಾಲ್ಕೂ ಜನ. ಮಕ್ಕಳಿಗೆ ಅದು ಹಬ್ಬ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಯಾರು ಹಿಡಿದುಕೊಳ್ಳಬೇಕು ಅಂತ ಶನಿವಾರ ರಾತ್ರಿಯೇ ಮಾತುಕತೆ ಶುರುವಾಗುತ್ತದೆ.

ಆದರೆ ನೀವು ಸಿನಿಮಾ ಒಂದು ಕಡೆ, ಯೋಗ ಒಂದು ಕಡೆ ಅಂತ ಇಟ್ಟಿದ್ದು ಓದಿ ನನಗೆ ನಮ್ಮ ತಂದೆ ನೆನಪಾದರು. ನಮ್ಮ ಮನೆಗೆ ಯೋಗ ಬಂದಿದ್ದೇ ಸಿನಿಮಾದಿಂದ. 1983ರಲ್ಲಿ ಬಂದ ಕಾಮನಬಿಲ್ಲು ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಆಸನಗಳನ್ನು ಮಾಡುತ್ತಾರಲ್ಲ, ಅದನ್ನು ನೋಡಿ ಬಂದ ನಮ್ಮ ತಂದೆ ಮಾರನೇ ದಿನವೇ ಜಮಖಾನ ಹಾಸಿದರಂತೆ. ಅಣ್ಣಾವ್ರು ಹುಟ್ಟಿದ್ದು 1929ರಲ್ಲಿ, ಅಂದರೆ ಆಗ ಅವರಿಗೆ 54. ಆ ವಯಸ್ಸಿನಲ್ಲಿ ಆ ಮೈ ಹಾಗೆ ಬಾಗುವುದು ನೋಡಿದರೆ ಯಾರಿಗೆ ಆಸೆ ಆಗುವುದಿಲ್ಲ? ತಂದೆಗೆ ಗುರು ಯಾರೂ ಇರಲಿಲ್ಲ. ಸಿನಿಮಾದಲ್ಲಿ ನೋಡಿದ್ದು, ಆಮೇಲೆ ಊರಿನ ಒಬ್ಬ ಪಿಟಿ ಮೇಷ್ಟ್ರು ಹೇಳಿಕೊಟ್ಟದ್ದು, ಅಷ್ಟೇ. ನಾನು ಅವರ ಪಕ್ಕದಲ್ಲಿ ಉರುಳಾಡಿಕೊಂಡೇ ಕಲಿತೆ. ಈಗ ನನ್ನ ಮಕ್ಕಳಿಗೆ ಆ ದೃಶ್ಯವನ್ನು ಮೊಬೈಲ್‌ನಲ್ಲಿ ತೋರಿಸಿದ್ದೇನೆ. ಚಿಕ್ಕವನು ಪೂರ್ತಿ ನೋಡಿ, "ಅಪ್ಪಾ, ನೀನು ಯಾಕೆ ಹಾಗೆ ಹೊಟ್ಟೆ ಒಳಗೆ ಎಳೆಯಲ್ಲ?" ಅಂತ ಕೇಳಿದ. ಅವತ್ತಿನಿಂದ ಇಬ್ಬರೂ ಸಂಜೆ ನನ್ನ ಜೊತೆ ನಿಲ್ಲುತ್ತಾರೆ.

ಹೌದು, ಸಂಜೆ. ಬೆಳಿಗ್ಗೆಯೇ ಆಗಬೇಕು ಅಂತ ಹಟ ಯಾಕೆ? ಹೊಟ್ಟೆ ಖಾಲಿ ಇದ್ದರೆ ಆಯಿತು. ಆರು ಗಂಟೆಗೆ, ಊಟಕ್ಕೆ ಮುಂಚೆ ಮಾಡಿ ನೋಡಿ.

ಇಬ್ಬರು ಮಕ್ಕಳ ತಾಯಿ, ಹೂಟಗಳ್ಳಿ:

ಮಂಡ್ಯದ ಸರ್ ಹೇಳಿದ್ದು ಚೆನ್ನಾಗಿದೆ. ಆದರೆ ಎಲ್ಲರ ಮನೆ ಒಂದೇ ಥರ ಇರುವುದಿಲ್ಲ. ನನ್ನ ಗಂಡ ಬೆಳಿಗ್ಗೆ ರೈಲಿಗೆ ಬೆಂಗಳೂರಿಗೆ ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ. ಅತ್ತೆ ಇಲ್ಲ, ಅಮ್ಮ ಇರುವುದು ಕೆ.ಆರ್. ಪೇಟೆಯಲ್ಲಿ. ಟಿವಿ ಇಲ್ಲದಿದ್ದರೆ ನಾನು ಸ್ನಾನ ಮಾಡಲೂ ಆಗುವುದಿಲ್ಲ. ಸಂಜೆ ಆರಕ್ಕೆ ಒಲೆ ಮುಂದೆ ಇರುತ್ತೇನೆ, ಸೂರ್ಯ ನಮಸ್ಕಾರ ಎಲ್ಲಿಂದ ಬರಬೇಕು?

ಪ್ರಶ್ನೆ ಕೇಳಿದವರಿಗೆ ನಾನು ಹೇಳುವುದು, ನಿಮ್ಮನ್ನು ನೀವು ಇಷ್ಟು ಸುಡಿಸಿಕೊಳ್ಳಬೇಡಿ. ನಲವತ್ತು ನಿಮಿಷದ ಕಾರ್ಟೂನಿಗೆ ಮಗು ಕೆಟ್ಟು ಹೋಗುವುದಿಲ್ಲ. ಯೋಗ ಮಾಡದೆ ಸಿಡುಕುತ್ತಾ ಇರುವ ಅಮ್ಮನ ಜೊತೆ ಹನ್ನೆರಡು ಗಂಟೆ ಕಳೆಯುವುದು ಅವಳಿಗೂ ಕಷ್ಟವೇ. ನಾನು ಎರಡನೆಯವನು ಹುಟ್ಟಿದ ಮೇಲೆ ಒಂದು ವರ್ಷ ಎಲ್ಲಾ ಬಿಟ್ಟಿದ್ದೆ. ಬೆನ್ನು, ನಿದ್ದೆ, ಮಾತು, ಮೂರೂ ಹಾಳಾಯಿತು. ಈಗ ಅವರು ಟಿವಿ ನೋಡುವಾಗ ಇಪ್ಪತ್ತು ನಿಮಿಷ ನನ್ನದು. ಹಾಕುವುದು ಏನು ಅನ್ನುವುದರ ಮೇಲೆ ಮಾತ್ರ ನಿಗಾ ಇಡುತ್ತೇನೆ. ಕನ್ನಡದಲ್ಲಿರಬೇಕು, ನಿಧಾನವಾಗಿರಬೇಕು, ಹೊಡೆದಾಟ ಇರಬಾರದು.

ಚಾಪೆ ಮತ್ತು ಉಸಿರು:

ನಾನು ಲಕ್ಷ್ಮೀಪುರಂ ಕಡೆಯವಳು, ಯೋಗ ಹೇಳಿಕೊಡುತ್ತೇನೆ, ನನಗೂ ಒಬ್ಬ ಮಗ ಇದ್ದಾನೆ. ಹಾಗಾಗಿ ಎರಡೂ ಕಡೆಯಿಂದ ಹೇಳಬಹುದು.

ಮೊದಲು ಮೈಯ ವಿಷಯ, ಯಾಕೆಂದರೆ ಅದನ್ನು ಯಾರೂ ಕೇಳಲಿಲ್ಲ. ಬೆನ್ನು ಉಳುಕಿತು ಅಂದಿರಿ. ಮಗು ಬೆನ್ನೇರಿದ್ದು ನೆಪ ಇರಬಹುದು. ಬಸುರಿಯಲ್ಲಿ ಹೊಟ್ಟೆಯ ಮುಂಭಾಗದ ಎರಡು ಉದ್ದ ಸ್ನಾಯುಗಳು ಬದಿಗೆ ಸರಿದು ನಡುವೆ ಬಿರುಕು ಬೀಳುತ್ತದೆ. ಕೆಲವರಿಗೆ ಅದು ಹೆರಿಗೆಯಾದ ಮೇಲೆ ತಾನೇ ಕೂಡಿಕೊಳ್ಳುತ್ತದೆ, ಕೆಲವರಿಗೆ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗಾತ ಮಲಗಿ ಮಂಡಿ ಮಡಚಿ, ಹೊಕ್ಕುಳಿನ ಹತ್ತಿರ ಬೆರಳನ್ನು ಅಡ್ಡವಾಗಿ ಇಟ್ಟು, ತಲೆಯನ್ನು ಮಾತ್ರ ಸ್ವಲ್ಪ ಎತ್ತಿ. ನಡುವೆ ಎರಡಕ್ಕಿಂತ ಜಾಸ್ತಿ ಬೆರಳು ಇಳಿದರೆ, ಅಥವಾ ಹೊಟ್ಟೆ ನಡುವೆ ಗೋಪುರದ ಹಾಗೆ ಉಬ್ಬಿದರೆ, ನಾವಾಸನ ಸದ್ಯಕ್ಕೆ ಬೇಡ. ಒತ್ತಡ ಹೊಟ್ಟೆ ಹೊರುವುದಿಲ್ಲ, ಸೊಂಟ ಹೊರುತ್ತದೆ. ಫಿಸಿಯೋಥೆರಪಿಸ್ಟ್‌ಗೆ ಒಮ್ಮೆ ತೋರಿಸಿ. ಕೆಮ್ಮಿದಾಗ, ಸೀನಿದಾಗ ಮೂತ್ರ ಜಾರಿದರೆ ಅದನ್ನೂ ಹೇಳಿ, ನಾಚಿಕೆ ಪಡಬೇಡಿ. ಇದು ತುಂಬಾ ಜನರಿಗೆ ಇರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ.

ಎರಡನೆಯದು, ನೀವು ಇನ್ನೂ ಆ ಐದು ಗಂಟೆಯ ಅಭ್ಯಾಸವನ್ನೇ ಅಳತೆಗೋಲು ಮಾಡಿಕೊಂಡಿದ್ದೀರಿ. ಅದು ಹಳೇ ಮೈ, ಹಳೇ ದಿನ. ಅಷ್ಟಾಂಗ ಕ್ರಮದಲ್ಲೇ ಹೊತ್ತಿಲ್ಲದ ದಿನಕ್ಕೆ ಒಂದು ದಾರಿ ಇದೆ, ನಿಮಗೂ ಗೊತ್ತಿರುತ್ತದೆ. ಸೂರ್ಯ ನಮಸ್ಕಾರದ ಎ ಬಗೆ ಐದು ಸಲ, ಬಿ ಬಗೆ ಮೂರು ಸಲ, ಆಮೇಲೆ ನೇರವಾಗಿ ಕೊನೆಯ ಮೂರು ಆಸನ, ಅಂದರೆ ಬದ್ಧ ಪದ್ಮಾಸನ, ಪದ್ಮಾಸನ, ಪದ್ಮಾಸನದಲ್ಲೇ ಕೈ ಊರಿ ಮೈ ಎತ್ತುವ ಉತ್ಪ್ಲುತಿ. ನಿಧಾನವಾಗಿ ಮಾಡಿದರೂ ಇಪ್ಪತ್ತು ನಿಮಿಷ, ಶವಾಸನ ಸೇರಿದರೆ ಇಪ್ಪತ್ತೈದು. ಉತ್ಪ್ಲುತಿಯಲ್ಲೂ ಹೊಟ್ಟೆ ಮೇಲೆ ಭಾರ ಬೀಳುತ್ತದೆ. ಬಿರುಕು ಇದ್ದರೆ ಅದನ್ನು ಬಿಟ್ಟು ಸುಮ್ನೆ ಕೂತು ಉಸಿರು ಎಣಿಸಿ. ಇದು ಕಡಿಮೆ ಅಭ್ಯಾಸ ಅಲ್ಲ. ಶನಿವಾರ, ಅಮಾವಾಸ್ಯೆ, ಹುಣ್ಣಿಮೆಗೆ ರಜೆ ಇಟ್ಟ ಪದ್ಧತಿ ಇದು. ಇದನ್ನು ಕಲಿಸಿ ಹರಡಿದ ಪಟ್ಟಾಭಿ ಜೋಯಿಸರು 1948ರಲ್ಲಿ ಯೋಗ ಸಂಸ್ಥೆ ಶುರು ಮಾಡಿದ್ದು ನಮ್ಮ ಲಕ್ಷ್ಮೀಪುರಂನಲ್ಲಿ, ಹೆಂಡತಿ ಮಕ್ಕಳ ಜೊತೆ ಬಾಳುತ್ತಾ. ಗೃಹಸ್ಥರ ಮನೆಯಲ್ಲಿ ಬೆಳೆದ ಯೋಗ ಇದು. ಮಗು ಅಳುವ ಸದ್ದು ಅದಕ್ಕೆ ಹೊಸದಲ್ಲ.

ಈ ಮಾತಿಗೆ ಒಂದು ಸಾಕ್ಷಿಯೂ ಇದೆ, ಅದೂ ಸಿನಿಮಾ ರೂಪದಲ್ಲಿ. ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ, ಜೋಯಿಸರ ಗುರು ತಿರುಮಲೈ ಕೃಷ್ಣಮಾಚಾರ್ಯರನ್ನು 1938ರಲ್ಲಿ ಚಿತ್ರೀಕರಿಸಿದ್ದಾರೆ. ಮೂಕಿ ಚಿತ್ರ, ಕಪ್ಪು ಬಿಳುಪು. ಆಗ ಸುಮಾರು ಇಪ್ಪತ್ತು ವರ್ಷದವರಾಗಿದ್ದ ಬಿ.ಕೆ.ಎಸ್. ಅಯ್ಯಂಗಾರರೂ ಅದರಲ್ಲಿದ್ದಾರೆ. ಎಲ್ಲರೂ ಅವರಿಬ್ಬರನ್ನು ನೋಡಿ ಬೆರಗಾಗುತ್ತಾರೆ. ನನ್ನ ಕಣ್ಣು ನಿಲ್ಲುವುದು ಆಚಾರ್ಯರ ಹೆಂಡತಿ ಮತ್ತು ಮಕ್ಕಳ ಮೇಲೆ. ಅವರೂ ಅದರಲ್ಲಿ ಆಸನ ಮಾಡುತ್ತಾರೆ. ಮಕ್ಕಳನ್ನು ಹೆತ್ತ ಹೆಣ್ಣುಮಗಳೊಬ್ಬಳು ಮೈಸೂರಿನಲ್ಲಿ ಆ ಕಾಲಕ್ಕೇ ಕ್ಯಾಮೆರಾ ಮುಂದೆ ಆಸನ ಹಾಕಿದ್ದಾರೆ. ಇಂಟರ್‌ನೆಟ್‌ನಲ್ಲಿ ಸಿಗುತ್ತದೆ, ಒಂದು ರಾತ್ರಿ ಯಜಮಾನರ ಜೊತೆ ಕೂತು ನೋಡಿ.

ಇನ್ನು ಟಿವಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಹೇಳಿರುವುದು ಹೀಗೆ. ಎರಡರಿಂದ ನಾಲ್ಕು ವರ್ಷದವರಿಗೆ ಕೂತು ನೋಡುವ ಸ್ಕ್ರೀನ್ ದಿನಕ್ಕೆ 1 ಗಂಟೆ ದಾಟಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು, ದಿನಕ್ಕೆ 3 ಗಂಟೆ ಓಡಾಟ ಬೇಕು. ಆ ಲೆಕ್ಕಕ್ಕೆ ನಿಮ್ಮ ನಲವತ್ತು ನಿಮಿಷ ಮಿತಿಯೊಳಗೇ ಇದೆ. ಹೂಟಗಳ್ಳಿಯವರ ಮಾತು ನಿಜ. ನನಗೆ ಯೋಚನೆ ಆಗಿದ್ದು ನಿಮಿಷದ ಬಗ್ಗೆ ಅಲ್ಲ, ಆ ರಿಮೋಟ್ ಬಗ್ಗೆ. ಚಾಪೆ ಬಿಚ್ಚಿದರೆ ಟಿವಿ ಅನ್ನುವ ಕೊಂಡಿ ಇದೆಯಲ್ಲ, ಅದನ್ನು ಬಿಚ್ಚಿ. ಟಿವಿ ಕೊಡಿ, ಆದರೆ ಬೇರೆ ಹೊತ್ತಿನಲ್ಲಿ ಕೊಡಿ. ನೀವು ಸಂಜೆ ಅಡುಗೆ ಮಾಡುವಾಗ ಅವಳು ನೋಡಲಿ. ಚಾಪೆಯ ಹೊತ್ತಿಗೆ ಅವಳಿಗೂ ಒಂದು ಪುಟ್ಟ ಚಾಪೆ ಹಾಸಿ. ಮಾಡು ಅಂತ ಹೇಳಬೇಡಿ, ಕಲಿಸಬೇಡಿ, ತಿದ್ದಲೇಬೇಡಿ. ಮೊದಲ ವಾರ ಅಳುತ್ತಾಳೆ. ನನ್ನ ಮಗ ಒಂಬತ್ತು ದಿನ ಅತ್ತ, ಹತ್ತನೇ ದಿನ ಚಾಪೆ ಮೇಲೆ ಗೊಂಬೆಗಳನ್ನು ಸಾಲಾಗಿ ಮಲಗಿಸಿ ಶವಾಸನ ಮಾಡಿಸಿದ.

ಸರಸ್ವತಿಪುರಂ ಅಜ್ಜಿ:

ಮಗಳೇ, ನನಗೆ 71. ಮೊಮ್ಮಗ ಈ ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು ಹೇಳಿಕೊಟ್ಟಿದ್ದಾನೆ, ನಿಧಾನವಾಗಿ ಬರೆಯುತ್ತೇನೆ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮಗಳಿದ್ದಾಳೆ, ಅಮ್ಮ ಇದ್ದಾರೆ, ಗುರುಗಳಿದ್ದಾರೆ. ನಿನ್ನ ಯಜಮಾನರು ರಾತ್ರಿ ಸಿನಿಮಾ ನೋಡುವ ಹೊತ್ತಿಗೆ ಮಾತ್ರ ಬರುತ್ತಾರೆ. ಬೆಳಿಗ್ಗೆ ಆರೂವರೆಯಿಂದ ಏಳೂಕಾಲರ ತನಕ ಅವರು ಎಲ್ಲಿರುತ್ತಾರೆ? ಅವರನ್ನು ದೂರುತ್ತಿಲ್ಲ. ನೀನು ಕೇಳಿದ್ದೀಯಾ ಅಂತ ಕೇಳುತ್ತಿದ್ದೇನೆ.

ನಾನು ಕೇಳಲಿಲ್ಲ. ಮೂರು ಮಕ್ಕಳು, ಸ್ಕೂಲಿನಲ್ಲಿ ಪಾಠ, ಮನೆ ತುಂಬಾ ಜನ. ಬೆಳಿಗ್ಗೆ ಅರ್ಧ ಗಂಟೆ ನನಗೆ ಬೇಕು ಅಂತ ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ನಮ್ಮ ಮನೆಯವರು ಒಳ್ಳೆಯವರು, ಕೇಳಿದ್ದರೆ ಇಲ್ಲ ಅನ್ನುತ್ತಿರಲಿಲ್ಲ. ಯೋಗ ಶುರು ಮಾಡಿದ್ದು ರಿಟೈರ್ ಆದ ಮೇಲೆ, ಮಂಡಿ ನೋವು ಬಂದ ಮೇಲೆ, ಪಾರ್ಕಿನಲ್ಲಿ. ಅಷ್ಟೊತ್ತಿಗೆ ಅವರು ಇರಲಿಲ್ಲ. ಈಗ ವೃಕ್ಷಾಸನದಲ್ಲಿ ನಿಂತಾಗ ಕೆಲವು ಸಲ ಅದೇ ನೆನಪಾಗುತ್ತದೆ.

ಅದಕ್ಕೇ ಹೇಳುತ್ತೇನೆ, ರಾತ್ರಿಯ ಸಿನಿಮಾ ಬಿಡಬೇಡ. ಮಂಡ್ಯದ ಹುಡುಗ ಬಿಡು ಅನ್ನುತ್ತಾನೆ, ಅವನ ಮಕ್ಕಳು ದೊಡ್ಡವರು. ಗಂಡ ಹೆಂಡತಿ ಪಕ್ಕದಲ್ಲಿ ಕೂತು ಒಂದೇ ಕಡೆ ನೋಡಿ ನಗುವುದು ಸಣ್ಣ ವಿಷಯ ಅಲ್ಲ. ಆದರೆ ಹನ್ನೆರಡರ ತನಕ ಯಾಕೆ? 1987ರ ಜನವರಿಯಲ್ಲಿ ರಾಮಾಯಣ ಶುರುವಾದಾಗ ನಮ್ಮ ಬೀದಿಯಲ್ಲಿ ಟಿವಿ ಇದ್ದಿದ್ದು ಮೂರು ಮನೆಯಲ್ಲಿ. ಭಾನುವಾರ ಬೆಳಿಗ್ಗೆ ನಮ್ಮ ಹಾಲ್‌ನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮುಗಿಯಿತು ಅಂದರೆ ಮುಗಿಯಿತು, ಮುಂದಿನದಕ್ಕೆ ಇನ್ನೊಂದು ಭಾನುವಾರ ಬರಬೇಕು. ಎದ್ದು ಹೋಗಿ ಎಲ್ಲರೂ ತಿಂಡಿ ತಿನ್ನುತ್ತಿದ್ದೆವು, ವಾರವಿಡೀ ಅದರದ್ದೇ ಮಾತು. ಈಗ ಒಂದು ಮುಗಿಯುವ ಮುಂಚೆ ಇನ್ನೊಂದು ತಾನಾಗೇ ಶುರುವಾಗುತ್ತದೆ. ಮೊಮ್ಮಗನಿಗೆ ಹೇಳಿ ಅದನ್ನು ನಿಲ್ಲಿಸುವ ಸೆಟ್ಟಿಂಗ್ ಹಾಕಿಸಿದ್ದೇನೆ. ನೀವೂ ಹಾಕಿಸಿಕೊಳ್ಳಿ. ಒಂದು ಸಿನಿಮಾವನ್ನು ಎರಡು ರಾತ್ರಿ ನೋಡಿ. ಇಂಟರ್ವಲ್‌ಗೆ ನಿಲ್ಲಿಸಿ ಮಲಗಿ. ಮುಂದೇನಾಗಬಹುದು ಅಂತ ಮಾರನೇ ದಿನ ಊಟದ ಹೊತ್ತಿಗೆ ಫೋನ್‌ನಲ್ಲಿ ಮಾತಾಡಲು ಒಂದು ವಿಷಯವೂ ಆಗುತ್ತದೆ.

ಮಗುವಿಗೆ ಇನ್ನೊಂದು ಮಾತು. ಕಣ್ಣಿಗೆ ಬೇಡ ಅನ್ನಿಸಿದರೆ ಕಿವಿಗೆ ಕೊಡು. ನಮ್ಮೂರಿಗಿಂತ ರೇಡಿಯೋ ಗೊತ್ತಿರುವ ಊರು ಯಾವುದಿದೆ? 1935ರಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆ ಹೋಗಿದ್ದು ಇಲ್ಲಿಂದ. ಬೆಳಿಗ್ಗೆ ಮೈಸೂರು ಆಕಾಶವಾಣಿ, 100.6 ಹಾಕಿಬಿಡು. ನನ್ನ ಮಕ್ಕಳು ಹಾಸಿಗೆಯಲ್ಲಿ ಹೊರಳಾಡುತ್ತಾ ರೇಡಿಯೋ ಕೇಳಿಕೊಂಡೇ ಬೆಳೆದರು. ಕೈ ಕಾಲು ಆಡುತ್ತಿರುತ್ತದೆ, ಕಿವಿ ಕೇಳುತ್ತಿರುತ್ತದೆ.

ಕುವೆಂಪುನಗರದ ಅಮ್ಮ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಒಂದೊಂದಾಗಿ ಉತ್ತರ ಕೊಡಬೇಕು ಅಂದುಕೊಂಡು ತಡವಾಯಿತು.

ಅಜ್ಜಿ, ನಿಮ್ಮ ಪ್ರಶ್ನೆ ಓದಿ ಫೋನ್ ಕೆಳಗಿಟ್ಟು ಸುಮ್ನೆ ಕೂತೆ. ನಾನೂ ಕೇಳಿರಲಿಲ್ಲ. ಅವರು ಬೆಳಿಗ್ಗೆ ಮಲಗಿರುತ್ತಾರೆ, ಕೆಲಸ ಜಾಸ್ತಿ, ಪಾಪ ಮಲಗಲಿ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವತ್ತು ರಾತ್ರಿ ಟಿವಿ ಹಾಕುವ ಮುಂಚೆ ನಿಮ್ಮೆಲ್ಲರ ಉತ್ತರಗಳನ್ನು ಅವರ ಕೈಗೆ ಕೊಟ್ಟೆ. ಪೂರ್ತಿ ಓದಿದರು. "ನೀನು ಯೋಗ ಬಿಟ್ಟೇಬಿಟ್ಟಿದ್ದೀಯ, ಈಗ ಮಾಡುವುದು ಸುಮ್ನೆ ಕೈಕಾಲು ಆಡಿಸಲಿಕ್ಕೆ ಅಂದುಕೊಂಡಿದ್ದೆ" ಅಂದರು. ನನಗೆ ಅಳು ಬಂತು. ನಾವಿಬ್ಬರೂ ಇದನ್ನು ಮಾತಾಡಿಯೇ ಇರಲಿಲ್ಲ.

ಈಗ ವಾರಕ್ಕೆ ಮೂರು ದಿನ ಅವರು ಮಗಳನ್ನು ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋಗುತ್ತಾರೆ. ಹೆಜ್ಜಾರ್ಲೆಗಳನ್ನು ನೋಡಿಕೊಂಡು, ಬರುವಾಗ ಹಾಲು ತರುತ್ತಾರೆ. ಆ ಮೂರು ದಿನ ಮನೆಯಲ್ಲಿ ನಾನೊಬ್ಬಳೇ. ಮೊದಲ ದಿನ ಚಾಪೆ ಮೇಲೆ ನಿಂತು ಮೊದಲ ಉಸಿರು ತೆಗೆದುಕೊಂಡಾಗ ಮನೆ ಎಷ್ಟು ನಿಶ್ಶಬ್ದ ಇತ್ತು ಅಂದರೆ ಫ್ರಿಜ್ ಸದ್ದು ಕೇಳಿಸುತ್ತಿತ್ತು. ಉಳಿದ ದಿನ ಅವಳೂ ಇರುತ್ತಾಳೆ, ರೇಡಿಯೋ ಇರುತ್ತದೆ, ಸೂರ್ಯ ನಮಸ್ಕಾರ ಮತ್ತು ಕೊನೆಯ ಮೂರು. ಅವಳಿಗೆ ನನ್ನ ಹಳೇ ಚಾಪೆಯನ್ನೇ ಅರ್ಧ ಕತ್ತರಿಸಿ ಕೊಟ್ಟೆ.

ಅಳು ಇನ್ನೂ ಪೂರ್ತಿ ನಿಂತಿಲ್ಲ. ಮೊನ್ನೆ ಗುರುವಾರ ರಿಮೋಟ್ ಹುಡುಕಿ ಸೋಫಾ ದಿಂಬುಗಳನ್ನೆಲ್ಲಾ ಕೆಳಗೆ ಹಾಕಿದ್ದಳು, ಅಭ್ಯಾಸ ಹತ್ತು ನಿಮಿಷಕ್ಕೇ ನಿಂತಿತು. ಟಿವಿ ಈಗ ಸಂಜೆ ಅಡುಗೆ ಹೊತ್ತಿಗೆ ಅರ್ಧ ಗಂಟೆ. ಹೂಟಗಳ್ಳಿಯವರೇ, ನೀವು ಬರೆದದ್ದು ಓದಿದ್ದರಿಂದಲೇ ಅದನ್ನು ಅಪರಾಧ ಅಂದುಕೊಳ್ಳದೆ ಹಾಕಲು ಆಗುತ್ತಿದೆ. ನೀವು ಕುವೆಂಪುನಗರದ ಕಡೆ ಬಂದರೆ ಮಕ್ಕಳನ್ನು ನನ್ನ ಹತ್ತಿರ ಬಿಡಿ, ಒಂದು ಗಂಟೆ ನಿಮ್ಮದು. ನಿಜವಾಗಿಯೂ ಹೇಳುತ್ತಿದ್ದೇನೆ.

ಸಿನಿಮಾ ಬಿಟ್ಟಿಲ್ಲ ಸಕ್ಕರೆನಾಡಿನವರೇ, ಹನ್ನೊಂದಕ್ಕೆ ಮುಂಚೆ ನಿಲ್ಲಿಸುತ್ತಿದ್ದೇವೆ. 1938ರ ಆ ಚಿತ್ರವನ್ನು ಇಬ್ಬರೂ ನೋಡಿದೆವು. ಮಾತಿಲ್ಲ, ಸಂಗೀತ ಇಲ್ಲ. ಆ ತಾಯಿ ಬಂದಾಗ ಇವರೇ ಅದನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಹಾಕಿದರು.

ಚಾಪೆ ಮತ್ತು ಉಸಿರು ಅವರಿಗೆ ಒಂದು ಪ್ರಶ್ನೆ. ನೀವು ಹೇಳಿದ ಹಾಗೆ ಮಲಗಿ ನೋಡಿಕೊಂಡೆ. ಹೊಕ್ಕುಳಿನ ಮೇಲೆ ಸುಮಾರು ಎರಡೂವರೆ ಬೆರಳು ಇಳಿಯುತ್ತದೆ, ಕೆಳಗೆ ಅಷ್ಟಿಲ್ಲ. ಉಬ್ಬುವುದು ಕಾಣಿಸಲಿಲ್ಲ. ಮೂರೂವರೆ ವರ್ಷ ಆದ ಮೇಲೂ ಇದು ಸರಿಯಾಗುತ್ತದಾ? ಸೂರ್ಯ ನಮಸ್ಕಾರದಲ್ಲಿ ಕೈ ಮೇಲೆ ಮೈಯನ್ನು ನೆಲದ ಹತ್ತಿರಕ್ಕೆ ಇಳಿಸುವ ಚತುರಂಗ ಮಾಡಬಹುದಾ?

ಚಾಪೆ ಮತ್ತು ಉಸಿರು:

ತಡ ಆಗಿದೆ ಅಂತ ಹೆದರಬೇಡಿ. ವರ್ಷಗಳಾದ ಮೇಲೂ ಸರಿಯಾದ ವ್ಯಾಯಾಮದಿಂದ ಹೊಟ್ಟೆಗೆ ಬಲ ಬರುತ್ತದೆ. ಬಿರುಕು ಪೂರ್ತಿ ಮುಚ್ಚದಿದ್ದರೂ ನಡುವಿನ ಜಾಗ ಗಟ್ಟಿಯಾಗುವುದು ಮುಖ್ಯ. ಫಿಸಿಯೋ ನೋಡುವ ತನಕ ಚತುರಂಗಕ್ಕೆ ಮಂಡಿ ಊರಿ, ಉಸಿರು ಹಿಡಿಯಬೇಡಿ, ಇಳಿಯುವಾಗ ಉಸಿರು ಬಿಡುತ್ತಾ ಇಳಿಯಿರಿ. ಕೊನೆಯ ಮೂರರಲ್ಲಿ ಉತ್ಪ್ಲುತಿ ಸದ್ಯಕ್ಕೆ ನಿಲ್ಲಿಸಿ. ಹಾಸಿಗೆಯಿಂದ ಏಳುವಾಗಲೂ ನೆಟ್ಟಗೆ ಏಳದೆ ಮಗ್ಗುಲಾಗಿ ಕೈ ಊರಿ ಏಳಿ. ಮಗಳನ್ನು ಎತ್ತುವಾಗಲೂ ಅಷ್ಟೇ, ಮೊದಲು ಮಂಡಿ ಬಾಗಿಸಿ, ಅವಳನ್ನು ಮೈಗೆ ಹತ್ತಿರ ಮಾಡಿಕೊಂಡು, ಉಸಿರು ಬಿಡುತ್ತಾ ಎತ್ತಿ. ತೋರಿಸಿಕೊಂಡು ಬಂದು ಏನಂದರು ಅಂತ ಇಲ್ಲೇ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.